ಕಿರುಗತ್ತು

ಕೋಬಾರಿನ ತಗಡಿನ ಶೆಡ್ಡಿನಲ್ಲಿ ಮರ್ವಿನ್ ಟ್ರೆಲೋರ್
ಹಳೆ ಮಿಲಿಟರಿ ತೋಟಾಗಳ ಖಾಲಿ ಚಿಪ್ಪಿಗೆ
ಕುರಿಯುಣ್ಣೆಯ ಜಿಡ್ಡು ಸವರುತ್ತಾನೆ.

ಸೈನ್ಯದ ಅಳತೆಯದು ಮನೆಯಲ್ಲಿರಕೂಡದು, ಕಾನೂನು.
ಸರಿ, ಕತ್ತು ಹಿಸುಕಿದರಾಯಿತು:
ಅಚ್ಚಿನೊಳಗೆ ಒಂದು ಒತ್ತು,
ಕಿರ್ರೆಂದು ಸಣ್ಣಗಾಗುತ್ತದೆ ಹಿತ್ತಾಳೆ
ಬೈಸಿಕೊಂಡ ಹುಡುಗನ ದನಿಯ ಹಾಗೆ.

ಹತ್ತಕ್ಕೆ ಮೂರು ಸೀಳುತ್ತವೆ. ಅವು ಡಬ್ಬಿಗೆ.

ಉಳಿದವು ನರಿಗೆ.
ಬೇಲಿಯಾಚೆ ನಿನ್ನೆ ಮೊನ್ನೆ ಈದ ಕುರಿಗಳಿವೆ.

ತಿರುಗಿಸಿ ತಳ ನೋಡುವುದಿಲ್ಲ ಅವನು.
ಅಲ್ಲಿ ಸರ್ಕಾರದ ಬಾಣದ ಗುರುತು, ಪಕ್ಕಕ್ಕೆ ನಲವತ್ತೆರಡು.
ಆ ವರ್ಷ ನ್ಯೂಗಿನಿಯ ಕೆಸರಿನಲ್ಲಿ
ಅಣ್ಣ ಕ್ಲೆಮ್‌ನ ಸೊಂಟಪಟ್ಟಿಯಲ್ಲಿ
ಇವೇ ಇದ್ದವು, ಕತ್ತು ದಪ್ಪದವು.

ರಾತ್ರಿ ಒಂದೇ ಒಂದು ಈಡು.
ಅಡುಗೆಮನೆಯಲ್ಲಿ ಅಮ್ಮ
ತಟ್ಟೆ ಒರೆಸುವುದನ್ನು ನಿಲ್ಲಿಸಿ ಆಲಿಸಿದಳು:
'ಸದ್ದು ತೆಳು.
ನಮ್ಮ ಕ್ಲೆಮ್‌ನದಲ್ಲ.'