ರೀಟಚ್

ಬಳೇಪೇಟೆಯ ಸ್ಟುಡಿಯೋದಲ್ಲಿ ಅಪ್ಪ
ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಭೂತಗನ್ನಡಿ ಒತ್ತಿ
ನೆಗೆಟಿವ್‌ನೊಳಗಿನ ಸಿಡುಬಿನ ಕಲೆಗಳನ್ನು
ಚೂಪು ಪೆನ್ಸಿಲಿನಿಂದ ತುಂಬುತ್ತಿದ್ದ.
ಕಪ್ಪು ಬಳಿದರೆ ಬೆಳ್ಳಗಾಗುವ ವಿದ್ಯೆ ಅದು.
ಗಂಡಿನ ಕಡೆಯವರಿಗೆ ಕಳಿಸುವ ಫೋಟೋ ಆದರೆ
ಎರಡು ರೂಪಾಯಿ ಜಾಸ್ತಿ.
'ಸುಳ್ಳಲ್ಲ ಕಣೇ, ಒಂಚೂರು ದಯೆ'
ಎನ್ನುತ್ತ ಬೆರಳ ಸೀಸವನ್ನು ಪಂಚೆಗೆ ಒರೆಸುತ್ತಿದ್ದ.

ನಾನು ಅದರ ಉಲ್ಟಾ ಕಸುಬಿನವಳು.
ನೂರಡಿ ರಸ್ತೆಯಲ್ಲಿ, ಬಿರಿಯಾನಿ ಹೋಟೆಲಿನ ಮೇಲೆ
ಮೂರನೇ ಮಹಡಿ. ಲಿಫ್ಟಿನ ಮೂರೂ ಗೋಡೆ ಕನ್ನಡಿ,
ಯಾರೂ ನೇರ ನೋಡುವುದಿಲ್ಲ.
ಎರಡು ವರ್ಷ ಅಲ್ಲಿ ಕೂತೆ, ಕ್ಯಾಮೆರಾ ತೊಡೆಯ ಮೇಲಿಟ್ಟು,
ಒಪ್ಪಿಗೆ ಪತ್ರಗಳ ಫೈಲು ಪಕ್ಕದಲ್ಲಿಟ್ಟು.
ನೇರಳೆ ಮಾರ್ಕರಿನಲ್ಲಿ ಡಾಕ್ಟರು ಮುಖಕ್ಕೆ ಗೆರೆ ಎಳೆಯುತ್ತಾರೆ,
ಸೈಟು ಅಳೆಯುವ ಸರ್ವೇಯರಿನ ಹಾಗೆ:
ಇಲ್ಲಿಂದ ಇಲ್ಲಿಗೆ ಒತ್ತುವರಿ,
ತೆರವು ಮಾಡಬಹುದು.

ಮದುವೆಗೆ ಮೂರು ತಿಂಗಳಿರುವ ವೀರಭದ್ರ
ಬೋರಲು ಮಲಗಿ ನೆಟ್ಟ ಬೇರುಗಳ ಲೆಕ್ಕ ಕೇಳುತ್ತಾನೆ:
'ಎರಡು ಸಾವಿರದ ಎಂಟುನೂರಾ? ನಮ್ಮ ವಾರ್ಡಲ್ಲಿ
ಅಷ್ಟು ಮರ ಇಲ್ಲ ಮೇಡಂ.'
ರಿಟೈರಾದ ಹೆಡ್‌ಮಿಸ್ಟ್ರೆಸ್ ಡೆಲ್ಫಿನ್
ಕಣ್ಣ ಕೆಳಗಿನ ಚೀಲ ತೆಗೆಸಲು ಬಂದವರು.
'ಪೆಟ್ಟಿಗೇಲಿ ಮಲಗಿಸಿದಾಗ
ಎಲ್ರೂ ಹತ್ತಿರದಿಂದ ನೋಡ್ತಾರಲ್ಲಮ್ಮಾ!'
ನಕ್ಕೆ, ಕೈ ಅಲುಗಿತು.
ಆ ಚಿತ್ರ ಕೆಟ್ಟಿದೆ. ಎಸೆದಿಲ್ಲ.

ಪುಷ್ಪವೇಣಿ.
ಡಿಕನ್ಸನ್ ರಸ್ತೆಯ ಒಡವೆ ಅಂಗಡಿಯಲ್ಲಿ
ಮೂಗುತಿ ಕೌಂಟರು ಅವಳದು.
ಗಿರಾಕಿಗಳು ಹರಳು ನೋಡುವ ಮೊದಲು
ಅವಳ ಮೂಗು ನೋಡುತ್ತಿದ್ದರಂತೆ,
ನೋಡಿ, ಹರಳನ್ನು ಕೆಳಗಿಡುತ್ತಿದ್ದರಂತೆ.
ಇಪ್ಪತ್ನಾಲ್ಕು ಕಂತು.

ಕಟ್ಟು ಬಿಚ್ಚಿದ ರಾತ್ರಿ
ಲಿಂಗರಾಜಪುರದ ಅವಳ ಒಂದೇ ಕೋಣೆಯಲ್ಲಿ ನಾನಿದ್ದೆ.
ಕರೆಂಟಿರಲಿಲ್ಲ. ಎದುರಿನ ಅಪಾರ್ಟ್‌ಮೆಂಟಿನ ಜನರೇಟರು
ನಮಗೂ ಒಂದಿಷ್ಟು ಬೆಳಕು ಚೆಲ್ಲಿತ್ತು.
ಒಂದೂವರೆ ವರ್ಷದ ಅವಳ ಮಗು
ಹುಟ್ಟಿದಾಗಿಂದ ಅಮ್ಮನ ಮೂಗಿನ ತುದಿ ಹಿಡಿದೇ
ನಿದ್ದೆ ಹೋಗುವುದು.
ಪುಟ್ಟ ಕೈ ಎದ್ದಿತು, ಗಾಳಿಯಲ್ಲಿ ತಡಕಿತು.
ಅವಳು ತಡೆದಳು: 'ಆರು ವಾರ ಮುಟ್ಟಬಾರದು ಕಂದಾ.'
ಕ್ಲಿಕ್ಕಿಸಿದೆ.
ಆಮೇಲೆ ಮಗು ಕಿವಿ ಹಿಡಿದು ಮಲಗಿತು, ಅಷ್ಟೆ.
ಮಕ್ಕಳು ಹೊಂದಿಕೊಳ್ಳುತ್ತವೆ.
ಇದನ್ನೂ ಬರೆಯಬೇಕು: ಅವಳು ಖುಷಿಯಾಗಿದ್ದಳು.
ಮೊಬೈಲ್ ಟಾರ್ಚಿನಲ್ಲಿ ಕನ್ನಡಿ ನೋಡಿ
ಮತ್ತೆ ನೋಡಿ,
ನನಗೆ ಹಾಲಿಲ್ಲದ ಟೀ ಮಾಡಿಕೊಟ್ಟಳು.

ಚಿತ್ರಕಲಾ ಪರಿಷತ್ತಿನ ಗೋಡೆಗೆ ಮೂವತ್ತೊಂದು ಚಿತ್ರ.
ಗಾಳಿಯಲ್ಲಿ ನಿಂತ ಆ ಕೈಯ ಮುಂದೆ
ಜನ ಬಹಳ ಹೊತ್ತು ನಿಂತರು.
ಕಾಟನ್ ಸೀರೆಯ ಒಬ್ಬಾಕೆ ಕಣ್ಣೊರೆಸಿಕೊಂಡು
ಹತ್ತಿರ ಬಂದು ಪಿಸುಗುಟ್ಟಿದರು:
'ಯಾವ ಡಾಕ್ಟರು?'
ಅಭಿಪ್ರಾಯದ ಪುಸ್ತಕದಲ್ಲಿ
ನಂಬರು ಕೇಳಿದವರೇ ಏಳು ಜನ.

ಕಳೆದ ವಾರ ಸ್ಟುಡಿಯೋ ಖಾಲಿ ಮಾಡಿದೆವು.
ಬಿಸ್ಕತ್ತಿನ ಡಬ್ಬಿಯಲ್ಲಿ ನೆಗೆಟಿವ್‌ಗಳು,
ಅಂಟಿಕೊಂಡು, ಹುಳಿ ವಾಸನೆ ಹೊಡೆಯುತ್ತ.
ನನ್ನದೂ ಸಿಕ್ಕಿತು, ಹತ್ತೊಂಬತ್ತರದ್ದು,
ಕಾಲೇಜಿನ ಗುರುತುಚೀಟಿಗೆ ತೆಗೆದದ್ದು.
ಗಂಡಿನ ಕಡೆಯವರಿಗಲ್ಲ.
ಕಿಟಕಿಗೆ ಹಿಡಿದು ಓರೆಮಾಡಿದರೆ
ಗದ್ದದ ಮಚ್ಚೆಯಿರುವ ಜಾಗದಲ್ಲಿ
ಪೆನ್ಸಿಲಿನ ಸಣ್ಣ ಹೊಳಪು.

ಕೇಳೋಣವೆಂದರೆ ಅಪ್ಪ ಇಲ್ಲ.
ಮೂವತ್ತು ವರ್ಷ ಪರ್ಸಿನಲ್ಲಿಟ್ಟುಕೊಂಡಿದ್ದೇನೆ ಆ ಪ್ರಿಂಟನ್ನು.
ನನಗೆ ನಾನು ಇಷ್ಟವಾಗುವ
ಒಂದೇ ಫೋಟೋ ಅದು.