ಹದಿನೇಳನೇ ರಾಡು

ಹೆಸರಿನಲ್ಲಿ ಸಮುದ್ರ ಇಟ್ಟುಕೊಂಡ ಊರು, ಕಾಮಸಮುದ್ರ.
ಇರುವುದು ಒಂದು ಕೆರೆ, ಅದೂ ಮೇ ತಿಂಗಳಲ್ಲಿ ಕ್ರಿಕೆಟ್ ಮೈದಾನ.
ಅಲ್ಲಿಂದ ಪಡುವಣಕ್ಕೆ ಎರಡು ಮೈಲಿ, ಶಾಲೆಯ ಹಿಂದೆ,
ರಾತ್ರಿ ಹತ್ತಕ್ಕೆ ತಿರುಚೆಂಗೋಡಿನ ಲಾರಿ ಜಾಕಿ ಊರಿ ನಿಂತಿತು.

ನನ್ನ ಕೆಲಸ ಸಣ್ಣದು.
ರಾಡು ಇಳಿದಂತೆಲ್ಲ ಕೊಳವೆಬಾಯಿಂದ ಹಾರುವ ಪುಡಿಯನ್ನು
ಒಂದು ಚಿಪ್ಪಿನಷ್ಟು ಹಿಡಿದು ಗೋಡೆ ಬದಿಗೆ ಸುರಿಯುವುದು,
ರಾಡಿಗೊಂದು ಗುಡ್ಡೆ, ಪುಸ್ತಕದಲ್ಲಿ ಒಂದು ಗೀಟು.
ಗೇರು ಹಾಕುವಾಗ ಪಳನಿಮುತ್ತು "ಎಳುದಿಕ್ಕೋಮ್ಮಾ" ಅನ್ನುತ್ತಾನೆ.
ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ.

ಹದಿನಾರರವರೆಗೂ ಬಿಳಿ. ಅಕ್ಕಿಹಿಟ್ಟಿನ ಬಿಳಿ,
ಅಲ್ಲಲ್ಲಿ ಮಿನುಗುವ ಅಭ್ರಕದ ಚೂರು.
ಹದಿನೇಳಕ್ಕೆ ಸದ್ದು ಬದಲಾಯಿತು,
ಕಡಲೆ ಅಗಿಯುತ್ತಿದ್ದವನ ಹಲ್ಲಿಗೆ ಹುಣಸೆಬೀಜ ಸಿಕ್ಕ ಹಾಗೆ.
ಬಂದ ಪುಡಿ ಕಪ್ಪು. ಟಾರ್ಚು ಬಿಟ್ಟರೆ ಹಸಿರುಗಪ್ಪು,
ಹಳೇ ತಾಮ್ರದ ಕೊಡ ಉಜ್ಜಿದ ನೀರಿನ ಬಣ್ಣ.

ಅಂತರ್ಜಲ ಆಫೀಸಿನ ನುಸ್ರತ್ ಮೇಡಂ ಮೊಣಕಾಲೂರಿ ಕೂತರು.
ಎಡಗೈಯಲ್ಲಿ ಹದಿನಾರು, ಬಲಗೈಯಲ್ಲಿ ಹದಿನೇಳು.
"ಸಗಾಯಂ, ಇದು ನೆಲ. ಇದು ಕಡಲ ತಳ."
"ಯಾವ ಕಡಲು ಮೇಡಂ?"
"ಹೆಸರಿಲ್ಲ. ಇಡೋಕೆ ಯಾರೂ ಇರಲಿಲ್ಲ."

ಆಮೇಲೆ ಹೇಳಿದ್ದು, ನನಗೆ ತಿಳಿದಷ್ಟು:
ಇನ್ನೂರೈವತ್ತು ಕೋಟಿ ವರ್ಷದ ಹಿಂದೆ, ಅದಕ್ಕೂ ಮೊದಲೇ,
ನೆಲದಡಿಯ ಬೆಂಕಿ ಉಕ್ಕಿ ನೀರಿಗೆ ಬಿದ್ದು
ದಿಂಬು ದಿಂಬಾಗಿ ಹೆಪ್ಪುಗಟ್ಟಿತು.
ಆ ತಳ ನಡೆಯಿತು. ವರ್ಷಕ್ಕೆ
ಇಪ್ಪತ್ತು ರಾಗಿಕಾಳು ಸಾಲಾಗಿಟ್ಟಷ್ಟು ದಾರಿ.
ಪಡುವಣದ ನೆಲ ಆಚೆ, ಮೂಡಣದ ನೆಲ ಈಚೆ,
ಎರಡಕ್ಕೂ ವಯಸ್ಸು ಬೇರೆ, ತವರು ಬೇರೆ.
ನಡುವಿನ ಕಡಲು ಕಿರಿದಾಗುತ್ತ ಬಂತು,
ಬಹುಪಾಲು ತಳ ನೆಲದಡಿಗೆ ನುಗ್ಗಿ ಕರಗಿಹೋಯಿತು.
ಒಂದಿಷ್ಟು ಮಾತ್ರ ಹೋಗಲೊಲ್ಲೆ ಎಂದಿತು.
ಅಂಚಿಗೆ ಸಿಕ್ಕಿ, ತರಚಿ, ಮಡಚಿ, ಬೆಂದು,
ನೆಟ್ಟಗೆ ನಿಂತುಬಿಟ್ಟಿತು, ಬಡಗಣಕ್ಕೂ ತೆಂಕಣಕ್ಕೂ ಒಂದು ಕಿರುಪಟ್ಟಿ.
ಅದರ ಬಿರುಕುಗಳಲ್ಲೇ ಚಿನ್ನ ಏರಿ ಬಂದು ಕೂತದ್ದು.

ನನ್ನ ತಾತ ಮೂವತ್ತೊಂದು ವರ್ಷ ಗಣಿಗೆ ಇಳಿದದ್ದು
ಹಾಗಾದರೆ ಕಡಲಿಗೆ.
ಈಜು ಬಾರದವನು.

"ಎವರು ಎವರಿನಿ ಗುದ್ದಿಂದಿ?" ವೆಂಕಟರವಣಪ್ಪ ಮೇಷ್ಟ್ರು ಕೇಳಿದರು.
ಮೇಡಂ ಕನ್ನಡದಲ್ಲಿ: "ಗುದ್ದಿದ್ದು ಹೌದು ಸಾರ್. ಆದರೆ ಒಂದು ಗುದ್ದು
ಲಕ್ಷಾಂತರ ವರ್ಷ ಹಿಡಿದರೆ ಅದನ್ನ ಜಗಳ ಅಂತೀರಾ, ಸಂಸಾರ ಅಂತೀರಾ?"
ಗಂಟೆ ಎರಡಾಗಿತ್ತು, ಯಾರಿಗೂ ನಗು ಬರಲಿಲ್ಲ.
ಪಳನಿಮುತ್ತು ಒಬ್ಬ ನಕ್ಕ, ಅರ್ಥವಾಗಿಯೋ ಆಗದೆಯೋ.

ರೇಷನ್ ಕಾರ್ಡಿನ ಕೌಂಟರಿನಲ್ಲಿ ಒಮ್ಮೆ ಕೇಳಿದ್ದರು,
"ಸ್ವಂತ ಊರು?"
ಮಾರಿಕುಪ್ಪಂ ಅಂದೆ.
"ಅದಲ್ಲಮ್ಮ. ಅದಕ್ಕೆ ಮುಂಚೆ?"
ಅಜ್ಜಿ ಹೇಳುತ್ತಿದ್ದ ಹೆಸರು ನಾಲಿಗೆಗೆ ಬರಲಿಲ್ಲ.
ಹದಿನೇಳರ ಮುಂದೆ ಬರೆದೆ: ಕಪ್ಪು. ಗಟ್ಟಿ. ಇಲ್ಲಿಯದು.
ಮೇಡಂ ಓದಿದರು, ಪೆನ್ನು ಇಸಿದುಕೊಂಡರು,
ಹೊಡೆದುಹಾಕಲಿಲ್ಲ.

ಇಪ್ಪತ್ತೊಂದರಲ್ಲಿ ನೀರು.
ಮೇಷ್ಟ್ರು ಬೊಗಸೆಯಲ್ಲಿ ಕುಡಿದು "ಉಪ್ಪು!" ಅಂದರು,
ಕಡಲೇ ಸಿಕ್ಕವರ ಹಿಗ್ಗಿನಲ್ಲಿ.
"ಅಲ್ಲ ಸಾರ್, ಅದು ಈಗಿನ ಮಣ್ಣಿನ ಉಪ್ಪು.
ಆ ಕಡಲಿನ ಒಂದು ಹನಿಯೂ ಉಳಿದಿಲ್ಲ."

ಬೆಳಿಗ್ಗೆ ಒಂಬತ್ತಕ್ಕೆ ಮಕ್ಕಳು ಬಂದವು.
ಗುಡ್ಡೆಗಳ ಸಾಲು ಹತ್ತು ನಿಮಿಷ ತಾಳಿತು.
ಆಮೇಲೆ ಒಬ್ಬಳು ಬಿಳಿಯಲ್ಲಿ ರಂಗೋಲಿ ಎಳೆದಳು,
ಒಬ್ಬ ಕಪ್ಪಿನಲ್ಲಿ ಮೀಸೆ ಬರೆದುಕೊಂಡ.
ನಾನು ಲಾರಿ ಹತ್ತುವಾಗ ಆ ಮೀಸೆಯವನು
ರಂಗೋಲಿ ತುಳಿದ ಯಾರನ್ನೋ ಬೈಯುತ್ತಿದ್ದ,
ಮೂರು ಭಾಷೆಯಲ್ಲಿ,
ಒಂದೇ ಉಸಿರಿಗೆ.