ಹತ್ತಕ್ಕೆ ನಾಲ್ಕು

ಟಾರ್ಟು. ಮಾರ್ಚ್. ಕಿಟಕಿಯ ಅಂಚಿಗೆ ಇನ್ನೂ ಕೊಳಕು ಹಿಮ.
ಸೀಸದ ಗೂಡಿನೊಳಗೆ ಡಬ್ಬಿ, ಡಬ್ಬಿಯೊಳಗೆ
ಕೆರೆಯ ತಳಕ್ಕೆ ಕೊಳವೆ ಇಳಿಸಿ ತೆಗೆದ ಕೆಸರು,
ಒಣಗಿಸಿ, ಅರೆದು, ಒತ್ತಿ ತುಂಬಿದ್ದು.
ಇಪ್ಪತ್ತಮೂರನೆಯ ಬಿಲ್ಲೆ.
ನಲವತ್ತೊಂಬತ್ತರ ಆಸುಪಾಸಿನದಿರಬೇಕು, ಅಂದ ಹೆಲ್ದುರ್,
ಚಹಾ ಕಲಕುತ್ತ.

ಮೇಲಿನ ಬಿಲ್ಲೆಗಳ ಸೀಜಿಯಂಗೆ ದೊಡ್ಡ ಗಂಟಲು,
ಗೋಡೆಯಾಚೆ ನಿಂತು ಕೂಗಿದರೂ ಕೇಳಿಸುತ್ತದೆ.
ಈ ಸೀಸ ಇನ್ನೂರಹತ್ತು ಹಾಗಲ್ಲ. ಪಿಸುದನಿ.
ಹೊರಡುತ್ತದೆ,
ನಾಲ್ಕು ಮರಳಕಣ ದಾಟುವಷ್ಟರಲ್ಲಿ ಇಂಗಿಹೋಗುತ್ತದೆ.
ಮಣ್ಣು ತನ್ನ ಮಾತನ್ನು ತಾನೇ ನುಂಗುತ್ತದೆ;
ಯಂತ್ರ ಎಣಿಸುವುದು ನುಂಗಿ ಮಿಕ್ಕದ್ದನ್ನು.

ನುಂಗಿದ್ದೆಷ್ಟು? ಅದಕ್ಕೊಂದು ಉಪಾಯ:
ಖಾಲಿ ಡಬ್ಬಿಯ ನೆತ್ತಿಗೆ ಅದೇ ಸೀಸದ ಒಂದು ಚುಕ್ಕಿ ಇಡು, ಎಣಿಸು.
ಆ ಚುಕ್ಕಿಯನ್ನೇ ತುಂಬಿದ ಡಬ್ಬಿಯ ಮೇಲಿಡು, ಎಣಿಸು.
ಮಣ್ಣಿನ ಸ್ವಂತದ್ದನ್ನು ಕಳೆ.
ಹತ್ತು ಬರಬೇಕಾದಲ್ಲಿ ನಾಲ್ಕು ದಾಟಿ ಬಂದವು.

ಎರಡೂವರೆಯಿಂದ ಗುಣಿಸಿಬಿಟ್ಟೆ, ಸಂಭ್ರಮದಲ್ಲಿ.
ಎಷ್ಟೊಂದು ಹೊಟ್ಟೆಯಲ್ಲಿಟ್ಟುಕೊಂಡಿತ್ತು ನೋಡಿ ಈ ಕೆಸರು!

ಹೆಲ್ದುರ್ ಚಮಚ ಕೆಳಗಿಟ್ಟ.
"ಪಿರೆಟ್, ಚುಕ್ಕಿ ಕೂತದ್ದು ಮಾಡಿನ ಮೇಲೆ.
ಇಡೀ ಮನೆ ಹಾಯ್ದು ಬರಬೇಕು ಅದು.
ಕಣಗಳು ಹಾಗೆ ಕೂತಿಲ್ಲ. ಕೆಲವು ನಡುಮನೆಯಲ್ಲಿ,
ಕೆಲವು ಹೊಸ್ತಿಲಲ್ಲೇ.
ಎಲ್ಲರೂ ಒಂದೇ ಸಮ ಮೂಕರಲ್ಲ.
ಲಾಗರಿದಮ್ ಹಾಕು. ಒಂದೂವರೆ, ಮೇಲೆ ಚೂರು."

ಹಾಕಿದೆ. ಒಂದು ಬಿಂದು ಐದು ಮೂರು.

ಆಮೇಲೆ, ಕೇಳದೆಯೇ, ತನ್ನ ತಾಯಿ ಸಲ್ಮೆಯ ಸುದ್ದಿ ತೆಗೆದ.
ಆ ಮಾರ್ಚಿನ ರೈಲಿನಲ್ಲಿ ಪೂರ್ವಕ್ಕೆ ಹೋದವಳು,
ಎಂಟು ವರ್ಷಕ್ಕೆ ಮರಳಿದವಳು.
ಯಾರು ಏನು ಕೇಳಿದರೂ ಒಂದೇ ಮಾತು:
ಅಲ್ಲಿ ಎಲೆಕೋಸು ಚೆನ್ನಾಗಿ ಬರುತ್ತಿತ್ತು.
ಮುಂದೆ, ಕಾಲ ಬದಲಾದ ಮೇಲೆ,
ಟೇಪ್ ರೆಕಾರ್ಡರ್ ಹಿಡಿದು ಬಂದವರು
ಆ ಎಲೆಕೋಸನ್ನು ಎರಡೂವರೆಯಿಂದ, ಹತ್ತರಿಂದ ಗುಣಿಸಿ
ಬರೆದುಕೊಂಡು ಹೋದರು.
ಅಚ್ಚಾಗಿ ಬಂತು. ಕನ್ನಡಕ ಹಾಕಿ ಕೊನೆಯವರೆಗೂ ಓದಿದಳು.
"ಪಾಪ, ಯಾರೋ ಈಕೆ," ಅಂದಳಂತೆ.
ಆ ಹಾಳೆ ಒಲೆ ಹೊತ್ತಿಸಲು ಒದಗಿತು.

"ನೀವು ಎಷ್ಟರಿಂದ ಗುಣಿಸಿದಿರಿ?"
ಕೇಳಬಾರದಿತ್ತು. ಕೇಳಿದೆ.
ಅವನು ಎದ್ದು ಗೂಡಿನ ಬಾಗಿಲಿಗೆ ಹೆಗಲು ಕೊಟ್ಟ.
ಸೀಸ; ಇಬ್ಬರೂ ನೂಕಿದರಷ್ಟೇ ಸರಿಯುತ್ತದೆ.
"ಅವಳ ನೆತ್ತಿಗಿಡಲು ನನ್ನ ಹತ್ತಿರ ಚುಕ್ಕಿ ಇರಲಿಲ್ಲ."

ಇಪ್ಪತ್ತನಾಲ್ಕನೆಯ ಬಿಲ್ಲೆ ಒಳಗಿಟ್ಟೆವು. ಎಂಬತ್ತು ಸಾವಿರ ಸೆಕೆಂಡು.

ಕ್ಯಾಂಟೀನಿನಲ್ಲಿ ಅಂದು ಎಲೆಕೋಸಿನ ಸೂಪು.
ಅವನು ಎರಡು ಸಲ ಹಾಕಿಸಿಕೊಂಡ.